ಅತ್ತೆಯ ಸಂಚಿಯ ಬ್ಯಾಟ್ರಿ

ಮೂರು ಸೆಲ್ಲಿನ ದೊಡ್ಡ ಬ್ಯಾಟ್ರಿ ನಮ್ಮ ಮನೆಯಲ್ಲಿ ತಾತನ ಕಾಲದಿಂದಲೂ ಇತ್ತು. ಗೇಣಿಗಿಂತ ಉದ್ದದ ಹಿತ್ತಾಳೆ ಕೊಳವೆ, ಮುಂದೆ ಅಗಲ ಗಾಜು, ಮೈಮೇಲೆ ದೂಡುವ ಗುಂಡಿ. ಗದ್ದೆ ಬದುವಿನಲ್ಲಿ ನಿಂತು ಬಿಟ್ಟರೆ ಸುವರ್ಣಾವತಿಯ ಆಚೆ ದಡದ ತೆಂಗಿನ ಗರಿ ಎಣಿಸಬಹುದು ಎಂದು ತಾತ ಹೇಳುತ್ತಿದ್ದ. ಅದಕ್ಕೆ ಎವರೆಡಿಯ ಕೆಂಪು ಸೆಲ್ಲೇ ಆಗಬೇಕು, ಒಂಬತ್ತರ ಅಂಕಿಯೊಳಗಿಂದ ಬೆಕ್ಕು ನೆಗೆಯುವ ಚಿತ್ರವಿರುತ್ತಿತ್ತಲ್ಲ, ಅದು. ಸೆಲ್ಲು ಹಳೆಯದಾದರೆ ಅದರ ಸತುವಿನ ಡಬ್ಬಿ ತೂತಾಗಿ ಒಳಗಿನ ರಸ ಸೋರಿ ಹಿತ್ತಾಳೆಯನ್ನು ತಿನ್ನುತ್ತದೆ. ಅದಕ್ಕೇ ಸೆಲ್ಲು ಬಿಚ್ಚಿ ಬೇರೆ ಡಬ್ಬಿಯಲ್ಲಿಟ್ಟು, ಬ್ಯಾಟ್ರಿಯನ್ನು ಬಟ್ಟೆಯಲ್ಲಿ ಸುತ್ತಿ ನಡುಮನೆಯ ಗೋಡೆಗೂಡಿನಲ್ಲಿ ಇಡುತ್ತಿದ್ದರು. ಸೆಲ್ಲು ಸೊರಗಿದರೆ ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ನಡೆಸುತ್ತಿದ್ದರು. ಪೂರ್ತಿ ಸತ್ತದ್ದನ್ನು ನಾವು ಹುಡುಗರು ಒಡೆದು, ನಡುವಿನ ಕರಿ ಕಡ್ಡಿ ತೆಗೆದು ಗೋಡೆ ಮೇಲೆ ಬರೆಯುತ್ತಿದ್ದೆವು.

ನಾನು ಹೇಳಬೇಕೆಂದಿರುವ ರಾತ್ರಿಯೂ ಆ ಬ್ಯಾಟ್ರಿ ಬಟ್ಟೆಯೊಳಗೇ ಮಲಗಿತ್ತು. ಚಿಕ್ಕಪ್ಪ ಬದುಕಿದ್ದು ಅತ್ತೆಯ ಎಲೆಅಡಿಕೆ ಸಂಚಿಯಲ್ಲಿದ್ದ, ಬೆರಳಿಗಿಂತ ತುಸು ದಪ್ಪನೆಯ ಒಂದು ಪುಟ್ಟ ಬ್ಯಾಟ್ರಿಯಿಂದ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಾಂಬಳ್ಳಿಯ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ಕೆಲಸ ಮಾಡಿದವಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹಿಡಿದು, ಹತ್ತಾರು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುವ ಕೆಲಸ ಅದು. ಕಾರ್ಖಾನೆ ಬಿಟ್ಟ ಮೇಲೆ ಮನೆಯಲ್ಲೇ ಹುಳು ಸಾಕಿದಳು. ಹೀಗಾಗಿ ಬೆಳಕಿನ ವಿಚಾರದಲ್ಲಿ ಅವಳ ಕಣ್ಣು ಬಲು ಚುರುಕು. ನನ್ನ ತಮ್ಮ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಒಂದು ಗೌರಿ ಹಬ್ಬಕ್ಕೆ ಕೆಲವು ಪುಟ್ಟ ಎಲ್‌ಇಡಿ ಟಾರ್ಚು ತಂದು ಅವಳ ಮುಂದೆ ಹರಡಿ, 'ಯಾವ್ದು ಬೇಕೋ ಆರಿಸ್ಕೊ' ಅಂದ. ಅವಳು ಆರಿಸಿದ ರೀತಿಯನ್ನು ನಾನು ಮರೆಯಲಾರೆ. ಎಷ್ಟು ದೂರ ಬೀಳುತ್ತದೆ ಎಂದು ಯಾವುದನ್ನೂ ಅಂಗಳಕ್ಕೆ ಬಿಟ್ಟು ನೋಡಲಿಲ್ಲ. ನೇರ ಹುಳುಮನೆಗೆ ಹೋದಳು. ತಟ್ಟೆ ಎಳೆದು ಒಂದೊಂದನ್ನೇ ಹುಳುವಿನ ಮೇಲೆ ಬಿಟ್ಟಳು.

ಹುಳು ಹಣ್ಣಾಗುವುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಆರೇಳು ದಿನ ಬಾಯಿ ಮುಚ್ಚದೆ ತಿನ್ನುತ್ತದೆ. ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಖರ್ಚಾಗುವುದು ಆ ದಿನಗಳಲ್ಲೇ. ಆಮೇಲೆ ತಿನ್ನುವುದು ಬಿಡುತ್ತದೆ, ಮೈ ಕುಗ್ಗುತ್ತದೆ, ಬಿಳಿ ಚರ್ಮ ತಿಳಿಯಾಗಿ ಒಳಗಿನ ಹಳದಿ ಕಾಣತೊಡಗುತ್ತದೆ, ತಲೆ ಎತ್ತಿ ಆಡಿಸುತ್ತದೆ. ಆ ಹೊತ್ತಿಗೆ ಹಿಡಿದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳು ಮಾಡುತ್ತದೆ, ಬೇಗ ಬಿಟ್ಟರೆ ಗೂಡು ಜೊಳ್ಳು. ಆ ಹಳದಿಯನ್ನು ಕಾಣಿಸದ ಬೆಳಕು ಹುಳುಮನೆಯಲ್ಲಿ ಇದ್ದೂ ಉಪಯೋಗವಿಲ್ಲ.

ತಮ್ಮ ತಂದವುಗಳಲ್ಲಿ ಹೆಚ್ಚಿನವು ಕಣ್ಣು ಕುಕ್ಕುವ ನೀಲಿಬಿಳುಪು. ಎಲ್‌ಇಡಿಯ ಬಿಳಿ ಬೆಳಕು ಹುಟ್ಟುವುದೇ ನೀಲಿಯಿಂದ. ನೀಲಿ ಬೆಳಕಿನ ಚೂರಿನ ಮೇಲೆ ಹಳದಿ ಬೆಳಕು ಕೊಡುವ ಪುಡಿ ಬಳಿದಿರುತ್ತಾರೆ, ಎರಡೂ ಬೆರೆತು ಬಿಳಿ ಕಾಣುತ್ತದೆ. ಪುಡಿಯಲ್ಲಿ ಜಿಪುಣತನ ಮಾಡಿದರೆ ನೀಲಿ ಮೇಲಾಗುತ್ತದೆ. ಅಂಥ ಬೆಳಕಿನಲ್ಲಿ ಹಣ್ಣು ಹುಳು, ಕಾಯಿ ಹುಳು ಎರಡೂ ಒಂದೇ ಬೂದುಬಣ್ಣ. ಅತ್ತೆ ಅವನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಕೊನೆಗೆ ಉಳಿದದ್ದು ತುಸು ಅರಿಶಿನ ಬಣ್ಣಕ್ಕೆ ವಾಲಿದ ಬೆಳಕಿನದು. ಮೊದಲ ಒತ್ತಿಗೆ ಮಂದವಾಗಿ ಹೊತ್ತುತ್ತಿತ್ತು, ಎರಡನೇ ಒತ್ತಿಗೆ ಜೋರು. ಮಂದ ಬೆಳಕು ಅವಳಿಗೆ ಬೇಕೇ ಬೇಕಿತ್ತು. ಜೋರು ಬೆಳಕು ಬಿದ್ದರೆ ಹುಳು ಅದರಿಂದ ದೂರ ಸರಿದು ಒಂದು ಮೂಲೆಯಲ್ಲಿ ಮುದ್ದೆಗಟ್ಟುತ್ತವೆ, ಸೊಪ್ಪು ಸಮ ತಿನ್ನುವುದಿಲ್ಲ.

ಅದಕ್ಕೆ ಒಂದೇ ಪೆನ್ ಸೆಲ್ಲು, ಗೋಡೆ ಗಡಿಯಾರಕ್ಕೆ ಹಾಕುವುದು. ಅಗರ, ಮಾಂಬಳ್ಳಿಯ ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ಲು ಒಂದೂವರೆ ವೋಲ್ಟಿನದು ಮಾತ್ರ, ಬಿಳಿ ಎಲ್‌ಇಡಿಗೆ ಅದರ ಎರಡರಷ್ಟು ಬೇಕು. ಅದನ್ನು ಏರಿಸುವ ಸಣ್ಣ ಸರ್ಕಿಟ್ಟು ಒಳಗೇ ಇರುತ್ತದೆ. ತಮ್ಮ ಜೊತೆಗೆ ತಂದಿದ್ದ ಇನ್ನೊಂದು ದಪ್ಪನೆಯ ಚಾರ್ಜಿಂಗ್ ಟಾರ್ಚನ್ನು ಅತ್ತೆ ಬೇಡ ಎಂದಳು. 'ಕರೆಂಟಿಲ್ದಾಗ ಬೇಕಾಗೋದ್ನ ಕರೆಂಟಿಂದ ತುಂಬಿಸ್ಕಂಡು ಕೂರಕಾಯ್ತದಾ' ಎಂಬುದು ಅವಳ ಮಾತು. ಅದರ ಸೆಲ್ಲಿನ ಮೇಲೆ 9900 mAh ಎಂದು ಬರೆದಿತ್ತು. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದದ ಆ ಜಾತಿಯ ಲಿಥಿಯಂ ಸೆಲ್ಲಿನಲ್ಲಿ ಆ ಕಾಲಕ್ಕೆ ಒಳ್ಳೆಯ ಕಂಪನಿಯದೇ ಆದರೂ 3500ರ ಆಸುಪಾಸಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಇನ್ನು ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಜೇಬಿನ ಟಾರ್ಚು ಎಂದು ಅಂಗಡಿಯವರು ಮಾರುತ್ತಾರೆ. ಗಂಡಸರ ಪಟಾಪಟಿ ಚಡ್ಡಿಗೆ ಜೇಬಿದೆ, ಸೀರೆಗೆಲ್ಲಿದೆ? ರಾತ್ರಿ ಹುಳುಮನೆಗೆ ಸೊಪ್ಪು ಹಾಕುವವರು, ದನ ಕರು ನೋಡುವವರು, ಬಯಲಿಗೆ ಹೋಗಬೇಕಾದವರು ಹೆಣ್ಣುಮಕ್ಕಳೇ. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸುವ ಎಲೆಅಡಿಕೆ ಸಂಚಿಗೆ ಹಾಕಿದಳು. ಸಂಚಿಗೆ ಮೂರು ಮಡಿಕೆ. ಸುಣ್ಣದ ಡಬ್ಬಿಯ ಮಡಿಕೆಗೆ ಮಾತ್ರ ಬ್ಯಾಟ್ರಿ ಹಾಕುತ್ತಿರಲಿಲ್ಲ, ಸುಣ್ಣ ತಾಗಿದರೆ ಅಲ್ಯೂಮಿನಿಯಂ ಕೊರೆಯುತ್ತದೆ. ಸಂಚಿಯೊಳಗೆ ಗುಂಡಿ ಅದುಮಿ ತಾನೇ ಹೊತ್ತಿಕೊಂಡು ಸೆಲ್ಲು ಖಾಲಿಯಾಗದಂತೆ ಹಿಂದಿನ ತಿರುಪನ್ನು ಅರ್ಧ ಸುತ್ತು ಸಡಿಲ ಮಾಡಿಡುತ್ತಿದ್ದಳು. ಸಂಚಿ ಅವಳ ಸೊಂಟ ಬಿಟ್ಟು ಇಳಿಯುತ್ತಿದ್ದುದು ಸ್ನಾನಕ್ಕೆ ಹೋದಾಗ ಮಾತ್ರ. ಮಲಗಿದರೆ ತಲೆದಿಂಬಿನ ಕೆಳಗೆ.

2014ರ ಕಾರ್ತಿಕ, ಅಮಾವಾಸ್ಯೆಯ ಹತ್ತಿರ. ಅದೇ ಅಕ್ಟೋಬರಿನಲ್ಲಿ ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೋ, ನಕಮುರಾ ಎಂಬ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆಯಾಗಿತ್ತು. ನಾನು ಪತ್ರಿಕೆಯಲ್ಲಿ ಓದಿ ಅತ್ತೆಗೆ ಹೇಳಿದ್ದೆ. 'ಆ ಪುಣ್ಯಾತ್ಮರು ತಣ್ಣಗಿರ್ಲಿ' ಎಂದು ಕೈಮುಗಿದಿದ್ದಳು. ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಮನೆಯಲ್ಲಿ ಹುಳು ಹಣ್ಣಾಗತೊಡಗಿತ್ತು. ಊಟ ಮುಗಿಸಿ ಮನೆಮಂದಿಯೆಲ್ಲ ಹುಳು ಆರಿಸಿ ಚಂದ್ರಿಕೆಗೆ ಬಿಡುತ್ತ ಕೂತಿದ್ದೆವು.

ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹನ್ನೊಂದರ ಮೇಲೆ. ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಬೇಕೆಂದರೆ ಆ ಹೊತ್ತಿಗೇ ಎದ್ದು ಹೋಗಿ ಮೋಟರು ಹಾಕಬೇಕು. ನಮ್ಮ ಮಗ್ಗುಲಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ತೆಗೆದು, ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ನೂರು ವರ್ಷ ಕಳೆದ ಮೇಲೂ ಆ ಹೊಳೆಯ ಬಳಿಯ ರೈತ ನಡುರಾತ್ರಿಯ ಕತ್ತಲಲ್ಲಿ ನಡೆದುಹೋಗಿ ಕರೆಂಟು ಹಿಡಿಯಬೇಕಾದದ್ದು ನನಗೆ ಇವತ್ತಿಗೂ ಸಂಕಟದ ವಿಷಯ. ಹೊಲಗದ್ದೆಗಳಲ್ಲಿ ರಾತ್ರಿ ಹಾವು ಕಚ್ಚಿಸಿಕೊಂಡವರಲ್ಲಿ ಮೋಟರು ಹಾಕಲು ಹೋದವರು ಎಷ್ಟು ಮಂದಿ ಎಂದು ಯಾರಾದರೂ ಲೆಕ್ಕ ತೆಗೆಯಬೇಕು.

ಚಿಕ್ಕಪ್ಪ ಎದ್ದು ಹೋದ. ಫೋನು ಚಾರ್ಜಿಗೆ ಹಾಕಿತ್ತು, ಅದರಲ್ಲಿದ್ದ ಬೆಳಕೂ ಅಲ್ಲೇ ಉಳಿಯಿತು. ದೊಡ್ಡ ಬ್ಯಾಟ್ರಿಗೆ ಸೆಲ್ಲು ಹಾಕಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ದಿನಾ ತುಳಿಯುವ ಬದು, ಕಾಲಿಗೇ ಗೊತ್ತು ಎಂಬ ಧೈರ್ಯ. ಸ್ವಲ್ಪ ಹೊತ್ತಿಗೆ ತೋಟದ ಕಡೆಯಿಂದ ಕೂಗು ಬಂತು. 'ಏನೋ ಕಡೀತು ಕನ್ರೋ!'

ಎಲ್ಲರೂ ಓಡಿದೆವು, ಅತ್ತೆ ನಮಗಿಂತ ಮುಂದೆ. ಅವಳ ಕೈ ಆಗಲೇ ಸಂಚಿಯೊಳಗಿತ್ತು. ಓಡುತ್ತಲೇ ತಿರುಪು ಬಿಗಿ ಮಾಡಿ ಬೆಳಕು ಹೊತ್ತಿಸಿದಳು. ಬದುವಿಗೆ ಬಂದದ್ದೇ 'ಎಲ್ಲಾ ನಿಂತ್ಕಳಿ, ನೆಲ ನೋಡಿ' ಎಂದು ಗದರಿ, ಬಗ್ಗಿ ಬೆಳಕನ್ನು ಮಂಡಿಯ ಎತ್ತರಕ್ಕೆ ಇಳಿಸಿ ಅಡ್ಡಲಾಗಿ ಬಿಟ್ಟಳು. ಹಣೆಗೆ ಕಟ್ಟುವ ಲೈಟಿನಲ್ಲೋ ತಲೆಯೆತ್ತರದಿಂದ ಬಿಟ್ಟ ಬೆಳಕಿನಲ್ಲೋ ನೆಲವೆಲ್ಲ ಚಪ್ಪಟೆ ಕಾಣುತ್ತದೆ. ಬೆಳಕೂ ಕಣ್ಣೂ ಒಂದೇ ಕಡೆಯಿಂದ ನೋಡಿದರೆ ನೆರಳು ವಸ್ತುವಿನ ಹಿಂದೆ ಅಡಗಿಬಿಡುತ್ತದೆ. ಕೆಳಗಿನಿಂದ ಅಡ್ಡ ಬಿಟ್ಟರೆ ಒಂದು ಹುಲ್ಲುಕಡ್ಡಿಗೂ ನೆರಳು ಏಳುತ್ತದೆ. ಹಾಗೆ ಎದ್ದ ನೆರಳಿನಲ್ಲೇ ನಮಗೆ ಅದು ಕಂಡದ್ದು. ಚಿಕ್ಕಪ್ಪ ಕುಸಿದು ಕೂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ, ಒಣಹುಲ್ಲಿನ ಪಕ್ಕ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಕುಕ್ಕರು ಉಗಿ ಬಿಡುವ ಸದ್ದು.

ನೀಲಿ ಬೆಳಕಾಗಿದ್ದರೆ ಹುಲ್ಲೂ ಅದೂ ಒಂದೇ ಆಗುತ್ತಿತ್ತು. ಅತ್ತೆಯ ಬೆಳಕಿನಲ್ಲಿ ಕಂದು ಮೈ ಬೇರೆ, ಅದರ ಮೇಲಿನ ಕಪ್ಪಂಚಿನ ಮಚ್ಚೆ ಬೇರೆಯಾಗಿ ಕಂಡವು. ಬೆನ್ನ ಮೇಲೆ ಒಂದು ಸಾಲು, ಎರಡು ಪಕ್ಕೆಗೆ ಎರಡು ಸಾಲು, ಸರಪಣಿಯ ಕೊಂಡಿಯ ಹಾಗೆ. ಕೊಳಕುಮಂಡಲ. ನಾಗರಹಾವು ಕಾಲಿನ ಸದ್ದಿಗೆ ಸರಿದು ಹೋಗಬಹುದು. ಇದು ತನ್ನ ಬಣ್ಣವನ್ನು ನಂಬಿ ಬಿದ್ದಲ್ಲೇ ಬಿದ್ದಿರುತ್ತದೆ, ತುಳಿದಾಗ ಕಚ್ಚುತ್ತದೆ. ಭತ್ತ ಕೊಯ್ಯುವ ಕಾಲಕ್ಕೆ ಇಲಿ ಹುಡುಕಿ ಗದ್ದೆಗೆ ಇಳಿಯುತ್ತದೆ.

ಪಕ್ಕದ ತೋಟದವರು ದೊಣ್ಣೆ ಎತ್ತಿದರು. ಅತ್ತೆ ತಡೆದಳು. 'ಯಾವ್ದು ಅಂತ ಗೊತ್ತಾಯ್ತಲ್ಲ, ಬುಡಿ. ಇನ್ನೊಬ್ರಿಗೆ ಕಡಿಸ್ಕಬ್ಯಾಡಿ.' ಯಾರೋ ಟವೆಲ್ಲು ತಂದು ಮಂಡಿಯ ಕೆಳಗೆ ಬಿಗಿಯಲು ಹೋದರು, ಅದನ್ನೂ ಬಿಚ್ಚಿಸಿದಳು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಆರೋಗ್ಯ ಇಲಾಖೆಯ ಸಿಸ್ಟರ್ ಒಬ್ಬರು ಹೇಳಿದ್ದ ಮಾತು ಅವಳ ಮನಸ್ಸಿನಲ್ಲಿತ್ತು. ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಡೆಸಬೇಡಿ. ಮುರಿದ ಕಾಲನ್ನು ಹೇಗೆ ಅಲುಗಾಡಿಸದೆ ಕಟ್ಟುತ್ತಾರೋ ಹಾಗೆ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ನಾನು ಮನೆಗೆ ಓಡಿ, ಹಳೆ ಚಂದ್ರಿಕೆಯ ಬಿದಿರು ದಬ್ಬೆ ಎರಡು ಕಿತ್ತು ತಂದೆ. ಕಾಲಿನ ಎರಡು ಬದಿಗೆ ಇಟ್ಟು ಸಡಿಲವಾಗಿ ಸೀರೆ ಚೂರು ಸುತ್ತಿದೆವು. ಆ ಹೊತ್ತಿಗೆ ಕಣಕಾಲು ಊದತೊಡಗಿತ್ತು. ಪಕ್ಕದೂರಿನಲ್ಲಿ ಬೇರು ಅರೆದು ಕೊಡುವವರಿದ್ದಾರೆ, ಮೊದಲು ಅಲ್ಲಿಗೆ ಹೋಗೋಣ ಎಂದು ಹಿರಿಯರೊಬ್ಬರು ಹೇಳಿದರು. ಅತ್ತೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಸೊಪ್ಪು ಸಾಗಿಸುವ ಲಗೇಜ್ ಆಟೋ ಹತ್ತಿಬಿಟ್ಟಳು. ಜಗಳಕ್ಕೆ ನಿಲ್ಲಲಿಲ್ಲ, ಒಪ್ಪಲೂ ಇಲ್ಲ.

ನಾವು ಹೋದ ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಅಲ್ಲಿದ್ದವರು ಚಿಕ್ಕಪ್ಪನ ಜೀವ ಉಳಿಸಿದ್ದಾರೆ. ಅವನನ್ನು ಮಂಚದ ಮೇಲೆ ಮಲಗಿಸಿದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು, ಜನರೇಟರು ಹತ್ತಲಿಲ್ಲ. ಸಿಸ್ಟರ್ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದರು. ಅತ್ತೆ ಕೇಳದೆಯೇ ಮುಂದೆ ಬಂದು ಮೊಣಕೈಯ ಮೇಲೆ ಬೆಳಕು ಬಿಟ್ಟಳು. ಅಲ್ಲೂ ಅದೇ ರೀತಿ, ಅಡ್ಡಲಾಗಿ. ಚರ್ಮದ ಕೆಳಗೆ ಉಬ್ಬಿದ ನರ ನೆರಳಿನ ಗೆರೆಯಾಗಿ ಎದ್ದಿತು. ಸಿಸ್ಟರ್ ಮೊದಲ ಸಲಕ್ಕೇ ಸೂಜಿ ಹಾಕಿದರು.

ಆಮೇಲಿನ ಇಪ್ಪತ್ತು ನಿಮಿಷದ ಬಗ್ಗೆ ಹೇಳಬೇಕು. ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೊಲ್ಲುತ್ತದೆ. ವಿಷ ಏರಿದೆಯೋ ಇಲ್ಲವೋ ತಿಳಿಯಲು ದೊಡ್ಡ ಯಂತ್ರ ಬೇಡ. ಶುದ್ಧವಾದ, ಒಣಗಿದ ಗಾಜಿನ ನಳಿಗೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಇಟ್ಟು, ಒಂದೇ ಸಲ ವಾಲಿಸಿ ನೋಡಬೇಕು. ಗಾಜೇ ಆಗಬೇಕು, ಪ್ಲಾಸ್ಟಿಕ್ಕಿನಲ್ಲಿ ಉತ್ತರ ತಪ್ಪುತ್ತದೆ. ಹೆಪ್ಪುಗಟ್ಟಿದ್ದರೆ ಕಾದು ಮತ್ತೆ ನೋಡುತ್ತಾರೆ, ಗಟ್ಟದಿದ್ದರೆ ಕೂಡಲೇ ವಿಷಹರ ಔಷಧಿ. ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ನಳಿಗೆಯನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡಿದರು. ಅತ್ತೆ ಸೆಲ್ಲು ಉಳಿಸಲು ಬೆಳಕನ್ನು ಮಂದ ಮಾಡಿದಳು. ಇಡೀ ಕೋಣೆಗೆ ಅದೊಂದೇ. ಚಿಕ್ಕಪ್ಪ 'ಬಾಯೆಲ್ಲ ಉಪ್ಪುಪ್ಪು' ಎಂದ. ಅತ್ತೆ ಬೆಳಕು ಬಾಯಿಗೆ ಬಿಟ್ಟಳು. ಒಸಡಿನಿಂದ ರಕ್ತ ಜಿನುಗುತ್ತಿತ್ತು.

ಹೊತ್ತು ಮುಗಿದಾಗ ವೈದ್ಯರು ನಳಿಗೆ ಎತ್ತಿದರು. ಅತ್ತೆ ಜೋರು ಬೆಳಕನ್ನು ಅದರ ಹಿಂದೆ ಹಿಡಿದಳು. ವಾಲಿಸಿದರು. ರಕ್ತ ನೀರಾಗಿ ಹರಿಯಿತು.

ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ನಡೆಯಿತು. ಹತ್ತು ವಯಲು ಔಷಧಿಯನ್ನು ಒಂದೊಂದಾಗಿ ಕರಗಿಸಿ ಡ್ರಿಪ್ಪಿಗೆ ಹಾಕಿದರು. ಮೈಗೆ ಒಗ್ಗದೆ ಉಸಿರು ಕಟ್ಟಿದರೆ ಎಂದು ಅಡ್ರಿನಲಿನ್ ಸೂಜಿ ಪಕ್ಕದಲ್ಲೇ ಸಿದ್ಧವಿತ್ತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಅದೊಂದೇ ಔಷಧಿ. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ಅದರ ರಕ್ತದಿಂದ ತೆಗೆಯುತ್ತಾರೆ. ಹಾವು ಹಿಡಿದು ಆ ವಿಷವನ್ನು ತೆಗೆದು ಕೊಡುವವರಲ್ಲಿ ಮುಖ್ಯರು ತಮಿಳುನಾಡಿನ ಇರುಳರು. ಹಾವಿನ ಚರ್ಮದ ವ್ಯಾಪಾರ ನಿಂತು ಹೊಟ್ಟೆಪಾಡು ಹೋದ ಮೇಲೆ 1978ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡವರು. ಆ ರಾತ್ರಿ ಕೋಣೆಯಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ತಿಳಿದ ಮೇಲೆ ಆ ಪುಟ್ಟ ಬಾಟಲಿಗಳ ಬಗ್ಗೆ ಗೌರವ ಇನ್ನೂ ಹೆಚ್ಚಾಯಿತು.

ಬೆಳಗಿನ ಜಾವಕ್ಕೆ ಕರೆಂಟು ಬಂತು. ಆರು ಗಂಟೆ ಬಿಟ್ಟು ಇನ್ನೊಮ್ಮೆ ನಳಿಗೆ ಪರೀಕ್ಷೆ. ಈ ಸಲ ಹೆಪ್ಪು ಕಟ್ಟಿತ್ತು. ಆದರೂ ಮೂತ್ರ ಕಡಿಮೆಯಾಗಿ ಕೆಂಪಗಿತ್ತು. ಈ ಹಾವಿನ ವಿಷ ಮೂತ್ರಪಿಂಡವನ್ನೂ ಹಿಡಿಯುತ್ತದೆ. ಮೈಸೂರಿಗೆ ಒಯ್ದೆವು. ಅಲ್ಲಿ ಡಯಾಲಿಸಿಸ್ ಆಯಿತು, ವಾರಗಟ್ಟಲೆ ಇದ್ದು ಚಿಕ್ಕಪ್ಪ ನಡೆದುಕೊಂಡೇ ಮನೆಗೆ ಬಂದ. ಮೊದಲ ಹೊತ್ತಿನಲ್ಲೇ ಔಷಧಿ ಹೋಗಿದ್ದರಿಂದ ಉಳಿದ ಎಂದು ಅಲ್ಲಿನವರು ಹೇಳಿದರು. ನಾವಿಲ್ಲದ ಆ ರಾತ್ರಿ ನಮ್ಮ ಬೀದಿಯ ಹೆಂಗಸರು ಬುಡ್ಡಿದೀಪ, ಫೋನಿನ ಬೆಳಕು ಹಿಡಿದು ನಮ್ಮ ಹುಳುವನ್ನೆಲ್ಲ ಚಂದ್ರಿಕೆಗೆ ಬಿಟ್ಟಿದ್ದರು. ಆ ಬೆಳೆಯ ದುಡ್ಡು ಮೈಸೂರಿನ ಖರ್ಚಿಗೆ ಆಯಿತು.

ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಹೆಚ್ಚಿನವರು ಹಳ್ಳಿಯವರು. ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ನಿಯಮವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ ತಂದಿತು. ಒಳ್ಳೆಯದಾಯಿತು. ಔಷಧಿ, ಆಂಬುಲೆನ್ಸು ಎಲ್ಲವೂ ಬೇಕು. ಆದರೆ ಕಚ್ಚಿದ ಮೇಲಿನ ಮಾತಾಯಿತು ಅವೆಲ್ಲ. ಕಚ್ಚುವ ಮೊದಲು, ಕಾಲು ಎತ್ತಿ ಇಡುವ ಮುಂಚಿನ ಗಳಿಗೆಯಲ್ಲಿ, ಮನುಷ್ಯನ ಮೈಮೇಲೆ ಒಂದು ಬೆಳಕಿರಬೇಕು. ಸುವರ್ಣಾವತಿಯ ಆಚೆ ದಡದವರೆಗೆ ಬೀಳುವ ಬೆಳಕು ಮನೆಯ ಗೋಡೆಗೂಡಿನಲ್ಲಿದ್ದರೆ ಗದ್ದೆಯಲ್ಲಿರುವವನಿಗೆ ಏನು ಬಂತು? ಎರಡು ಮಾರು ಮುಂದಿನ ನೆಲ ತೋರುವಷ್ಟು ಸಾಕು. ಅಷ್ಟಕ್ಕೆ ಎರಡು ಮೂರು ಮೇಣದಬತ್ತಿಯ ಬೆಳಕಿದ್ದರೂ ನಡೆಯುತ್ತದೆ. ಅದು ಉಡಿದಾರದಲ್ಲಿರಲಿ, ಕೊರಳ ದಾರದಲ್ಲಿರಲಿ, ಸಂಚಿಯಲ್ಲಿರಲಿ, ಕೈ ಹಾಕಿದಲ್ಲಿ ಸಿಗಬೇಕು.

ಚಿಕ್ಕಪ್ಪ ಈಗ ಒಂದನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ. ಸ್ತ್ರೀಶಕ್ತಿ ಸಂಘದವರು ಆ ವರ್ಷದ ಉಳಿತಾಯದ ದುಡ್ಡಿನಲ್ಲಿ ಎಲ್ಲರಿಗೂ ಒಂದೊಂದು ತರಿಸಿದರು. ಬೆಲೆ ಹೆಚ್ಚಾಯಿತು ಎಂದು ಕೆಲವರು ತಕರಾರು ತೆಗೆದಾಗ ಅತ್ತೆ ಬಣ್ಣ ಪರೀಕ್ಷೆ ಮಾಡಿಯೇ ತರಬೇಕೆಂದು ಹಟ ಹಿಡಿದು ಗೆದ್ದಳು. ಅವಳದರ ಗುಂಡಿಯ ರಬ್ಬರು ಹರಿದಿದೆ, ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಕೂರಿಸಿಕೊಂಡಿದ್ದಾಳೆ. ಹೊಸದು ಬೇಕೆಂದು ತಮ್ಮನಿಗೆ ಹೇಳಿದ್ದಾಳೆ. ಅರಿಶಿನ ಬೆಳಕು, ಮೊದಲ ಒತ್ತಿಗೆ ಮಂದ, ಅಂಗಡಿಯಲ್ಲಿ ಸಿಗುವ ಒಂದೇ ಸೆಲ್ಲು. ಎಸ್‌.ಪಿ. ರೋಡಿನಲ್ಲಿ ಈಗ ಎಲ್ಲಿ ಕೇಳಿದರೂ ಚಾರ್ಜಿಂಗಿನದೇ ತೋರಿಸುತ್ತಾರಂತೆ. ಮುಂದಿನ ಹುಳು ನಾಲ್ಕನೇ ಜ್ವರಕ್ಕೆ ಕೂರುವುದರೊಳಗೆ ಸಿಗಲೇಬೇಕು ಎಂದು ಅವಳು ಫೋನು ಮಾಡುತ್ತಲೇ ಇದ್ದಾಳೆ, ತಮ್ಮ ಹುಡುಕುತ್ತಲೇ ಇದ್ದಾನೆ.